ಕಾಲುವೆಯಿಂದ ಬಂದ ತಂಡೇಲರು

ಉಳ್ಳಾಲದಿಂದ ಅಬ್ಬು ಫೋನ್ ಮಾಡಿದನೆಂದರೆ ಮೊದಲು ಅವನ ಸಕ್ಕರೆ ಕಾಯಿಲೆ, ಆಮೇಲೆ ನನ್ನ ಮೊಣಕಾಲು, ಅದಾದ ಮೇಲೆ ಇಬ್ಬರ ಮೊಮ್ಮಕ್ಕಳು. ಇದು ವರ್ಷಗಳಿಂದ ನಡೆದುಬಂದ ಕ್ರಮ. ಮೊನ್ನೆ ಆ ಕ್ರಮ ತಪ್ಪಿತು. "ನಮ್ಮ ತಂಡೇಲ್ರು ಹೋದ್ರಂತೆ ಮಾರಾಯ್ರೆ" ಎಂದು ನೇರವಾಗಿ ಹೇಳಿದ. ಅವರ ಹೆಂಡತಿ ವರ್ಷದ ಕೊನೆಗೆ ಅಬ್ಬುವಿಗೊಂದು ಕಾರ್ಡು ಕಳಿಸುವುದುಂಟು. ಈ ಸಲದ ಕಾರ್ಡಿನಲ್ಲಿ ಸುದ್ದಿ ಇತ್ತಂತೆ. ಸಕ್ಕರೆ ಕಾಯಿಲೆಯ ಮಾತು, ಮೊಣಕಾಲಿನ ಮಾತು ಅಂದು ಬರಲೇ ಇಲ್ಲ.

ತಂಡೇಲ ಎಂದರೆ ನಮ್ಮ ಕರಾವಳಿಯಲ್ಲಿ ಮೀನುಗಾರರ ದೋಣಿಯ ಯಜಮಾನ. ನಾನು ಹೇಳುತ್ತಿರುವವರು ಮೀನು ಹಿಡಿದವರಲ್ಲ, ನಮ್ಮ ಕರಾವಳಿಯನ್ನು ಕಂಡವರೂ ಅಲ್ಲ. ಜರ್ಮನಿಯವರು. ಅಲ್ಲಿನ ಕಾಲುವೆಗಳಲ್ಲಿ ದೋಣಿಯ ಮೇಲೆಯೇ ಹುಟ್ಟಿ, ದೋಣಿಯ ಮೇಲೆಯೇ ಬೆಳೆದು, ಐವತ್ತು ದಾಟಿದ ಮೇಲೆ ತಮ್ಮ ದೋಣಿಯ ಹಿಂದೆಯೇ ಸೌದಿಯ ಅಲ್ ಖಫ್ಜಿಗೆ ಬಂದವರು. ಮೀನು ಹಿಡಿಯುವ ಮೊಗವೀರರ ಮನೆಯವನಾದ ಮಲ್ಪೆಯ ದಾಮೋದರ ಮೊದಲ ದಿನವೇ ಅವರನ್ನು ತಂಡೇಲ್ರು ಎಂದು ಕರೆದ, ಅದೇ ನಿಂತಿತು. ಅವರ ನಿಜವಾದ ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಸರಿಯಾಗಿ ಹೊರಳಲಿಲ್ಲ. ಹಾಗಾಗಿ ಇಲ್ಲಿಯೂ ಅದು ಬೇಡ.

ಎಂಬತ್ತರ ದಶಕದ ನಡುವಿನ ಮಾತು. ಖಫ್ಜಿಯ ಹತ್ತಿರ ಒಂದು ಜರ್ಮನ್ ಕಂಪೆನಿ ಸಣ್ಣದೊಂದು ಬಂದರು ಕಟ್ಟುತ್ತಿತ್ತು. ನಾನು ಅದರ ಸ್ಟೋರಿನ ಗುಮಾಸ್ತ. ಕೆಲಸದವರ ವಾಸದ ಪರವಾನಗಿ ಇಕಾಮಾ, ವಿಮಾನದ ಟಿಕೇಟು ಎಂದು ಓಡಾಡುವುದೂ ನನ್ನ ತಲೆಗೇ ಕಟ್ಟಿತ್ತು. ಕ್ಯಾಂಪು ಹಿನ್ನೀರಿನ ಈಚೆ ದಡದಲ್ಲಿ, ಕೆಲಸ ಆಚೆ ದಡದಲ್ಲಿ. ಸುತ್ತಿಕೊಂಡು ಹೋದರೆ ಮರಳಿನಲ್ಲಿ ಲಾರಿಗಳು ಹೂತುಹೋಗುತ್ತಿದ್ದವು. ನೀರಿನಲ್ಲಿ ಹೋದರೆ ಆಳವಿಲ್ಲದೆ ಲಾಂಚುಗಳ ತಳ ಕೂರುತ್ತಿತ್ತು. ಕಂಪೆನಿಯವರು ತಲೆ ಓಡಿಸಿ, ತಮ್ಮ ದೇಶದ ಕಾಲುವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ಚಪ್ಪಟೆ ತಳದ ದೋಣಿಯೊಂದನ್ನು ಕೊಂಡು, ದೊಡ್ಡ ಹಡಗಿನ ಮೇಲೆ ಹೇರಿ ತಂದರು. ದೋಣಿಯ ಜೊತೆಗೆ ಅದರ ಹಳೆಯ ಯಜಮಾನರನ್ನೂ ಸಂಬಳಕ್ಕೆ ಕರೆದುಕೊಂಡು ಬಂದರು.

ದೋಣಿಯನ್ನು ಕ್ರೇನಿನಿಂದ ಇಳಿಸುವಾಗ ಇಡೀ ಕ್ಯಾಂಪು ನೋಡಲು ಬಂದಿತ್ತು. ಉದ್ದಕ್ಕೆ ಎರಡು ಬಸ್ಸುಗಳಷ್ಟು, ಎತ್ತರಕ್ಕೆ ಹೇಳುವಂಥದ್ದೇನೂ ಇಲ್ಲ. ಕಾಲುವೆಯ ಸೇತುವೆಗಳು ತಗ್ಗಾಗಿರುವುದರಿಂದ ದೋಣಿಗಳನ್ನೂ ತಗ್ಗಾಗಿಯೇ ಕಟ್ಟುತ್ತಾರಂತೆ. ಸಾಲು ಕಿಟಕಿಗಳು, ಕಿಟಕಿಗಳಿಗೆ ಹೂವಿನ ಪರದೆಗಳು, ಹೊರಗೆ ಹೂವಿನ ಗಿಡ ಇಡುವ ಮರದ ಪೆಟ್ಟಿಗೆಗಳು, ಮುಂದೆ ಒಂದು ಹಿತ್ತಾಳೆಯ ಗಂಟೆ. ದಾಮೋದರ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಇದು ದೋಣಿಯಾ ಮಾರಾಯ? ಪರದೆ ಎಲ್ಲ ಉಂಟು! ಇನ್ನು ಇದಕ್ಕೊಂದು ಕಂಡಕ್ಟರ್ ಬೇಕು ಅಂತ ಹೇಳ್ತಾರೆ, ನೋಡ್ತಾ ಇರು."

ಕಂಡಕ್ಟರ್ ಬೇಕಾಗಲಿಲ್ಲ. ಅಡುಗೆಗೆ ಅಬ್ಬುವನ್ನೂ ಹಗ್ಗ ಹಿಡಿಯಲು ದಾಮೋದರನನ್ನೂ ಹಾಕಿದರು. ಕ್ಯಾಂಪಿನಲ್ಲಿ ಜಾಗ ಸಾಲದೆಂದು ನನಗೂ ಅಲ್ಲೇ ಒಂದು ಮಂಚ ಸಿಕ್ಕಿತು. ಅಬ್ಬುವಿನ ಮನೆಮಾತು ಬ್ಯಾರಿ, ದಾಮೋದರನದು ತುಳು. ಇಬ್ಬರೂ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹೊನ್ನಾವರ ಕಡೆಯವನಾದ ನನಗೆ ತುಳು ಬರುತ್ತಿರಲಿಲ್ಲ. ಹೀಗಾಗಿ ದೋಣಿಯ ಭಾಷೆ ಕನ್ನಡವಾಯಿತು. ತಂಡೇಲರು ಮೊದಲು ಇಂಗ್ಲಿಷು ಮತ್ತು ಕೈಸನ್ನೆಯಲ್ಲಿ ಸುಧಾರಿಸಿದರು. ಎರಡನೇ ವರ್ಷದ ಹೊತ್ತಿಗೆ ಅಬ್ಬುವಿನ ಅಡುಗೆಮನೆಯಿಂದ ಉಂಟು, ಇಲ್ಲ, ಸಾಕು, ಎಂತ ಎಂಬ ಶಬ್ದಗಳನ್ನು ಹೆಕ್ಕಿಕೊಂಡು, ಅಷ್ಟರಲ್ಲೇ ಸಂಸಾರ ನಡೆಸಲು ಕಲಿತರು. ಅವರ ಕನ್ನಡದಲ್ಲಿ ವ್ಯಾಕರಣ ಕಡಿಮೆ, ಗೌರವ ಜಾಸ್ತಿ.

ಕುಳ್ಳಗಿನ ಆಳು. ಬಿಸಿಲಿಗೆ ಕಿವಿಗಳೆರಡೂ ಯಾವಾಗಲೂ ಕೆಂಪಗಿರುತ್ತಿದ್ದವು. ಕಾಲಿಗೆ ಸಾಕ್ಸು ಹಾಕಿ ಅದರ ಮೇಲೆ ಚಪ್ಪಲಿ ಮೆಟ್ಟುತ್ತಿದ್ದರು. ಅದೇನು ಚೆಂದವೋ, ಕೊನೆಯವರೆಗೂ ನನಗೆ ಅರ್ಥವಾಗಲಿಲ್ಲ. ಬೆಳಗಾಗುವ ಮೊದಲೇ ಎದ್ದು ಕಿಟಕಿಯ ಗಾಜುಗಳ ಮೇಲಿನ ಇಬ್ಬನಿ ಒರೆಸುವರು, ಗಂಟೆ ತಿಕ್ಕುವರು, ಪೆಟ್ಟಿಗೆಯ ಗಿಡಗಳಿಗೆ ನೀರು ಹಾಕುವರು. ಊರಿನಿಂದ ತಂದಿದ್ದ ಹೂವಿನ ಗಿಡಗಳು ಖಫ್ಜಿಯ ಬಿಸಿಲಿಗೆ ಒಂದೇ ವಾರದಲ್ಲಿ ಕರಟಿದವು. ಆಮೇಲೆ ಅಬ್ಬು ಅಲ್ಲಿ ಪುದೀನ, ಕೊತ್ತಂಬರಿ ಹಾಕಿದ. ತಂಡೇಲರು ಅದನ್ನೂ ಹೂವಿನ ಗಿಡವೆಂಬಂತೆಯೇ ನೋಡಿಕೊಂಡರು. ಚಟ್ನಿಗೆಂದು ಒಂದು ದಂಟು ಕಿತ್ತರೂ ಮುಖ ಸಣ್ಣಗಾಗುತ್ತಿತ್ತು.

ದೋಣಿ ಹತ್ತುವವರೆಲ್ಲ ಬಾಗಿಲಲ್ಲಿ ಬೂಟು ಕಳಚಬೇಕೆಂಬುದು ಅವರ ಕಾನೂನು. ಸಿಮೆಂಟು ಮೆತ್ತಿದ ಬೂಟುಗಳ ರಾಶಿ ಬಾಗಿಲಲ್ಲಿ ಬೀಳುತ್ತಿತ್ತು. ಪಾಕಿಸ್ತಾನದವರು, ಥಾಯ್ಲೆಂಡಿನವರು, ನಮ್ಮವರು ಎಲ್ಲ ಬರಿಗಾಲಲ್ಲಿ ಒಳಗೆ ಹೋಗಿ, ಹೂವಿನ ಪರದೆಯ ಪಕ್ಕ ಮದುವೆಗೆ ಬಂದವರ ಹಾಗೆ ಕೂರುತ್ತಿದ್ದರು. ಒಬ್ಬ ತರುಣ ಎಂಜಿನಿಯರು, ಅವರದೇ ದೇಶದವನು, "ಇದೇನು ಮಸೀದಿಯೇ?" ಎಂದು ರೇಗಿದನಂತೆ. "ಅಲ್ಲ, ನನ್ನ ಮನೆ" ಎಂದು ಇವರು ತಣ್ಣಗೆ ಉತ್ತರ ಕೊಟ್ಟರು. ಎಂಜಿನಿಯರು ಬೂಟು ಕಳಚಿದ.

ಸಂಜೆ ನಾಲ್ಕಕ್ಕೆ ಕಾಫಿ. ಎಲ್ಲೇ ಇದ್ದರೂ, ಯಾವ ಗಾಳಿ ಬೀಸುತ್ತಿದ್ದರೂ, ಮೇಜಿಗೆ ಬಿಳಿಯ ಬಟ್ಟೆ ಹಾಸಿ, ನಾಲ್ಕೂ ಮಂದಿ ಕೂತು ಕುಡಿಯಬೇಕು. ಅಬ್ಬುವಿಗೆ ಮೊದಮೊದಲು ಇದು ದೊಡ್ಡ ಉಪದ್ರವಾಗಿ ಕಂಡಿತು. "ಕಾಫಿ ಕುಡೀಲಿಕ್ಕೆ ಹಾಸಿಗೆ ಯಾಕೆ?" ಎಂದು ಗೊಣಗುತ್ತಿದ್ದ. ಸ್ವಲ್ಪ ದಿನದಲ್ಲೇ ಆ ಬಟ್ಟೆಗೆ ತಾನೇ ಇಸ್ತ್ರಿ ಹಾಕತೊಡಗಿದ, ಕಾಫಿಯ ಜೊತೆಗೆ ಗೋಳಿಬಜೆ ಕರಿಯತೊಡಗಿದ. ತಂಡೇಲರು ಗೋಳಿಬಜೆಯನ್ನು ಚಾಕು ಮತ್ತು ಫೋರ್ಕಿನಲ್ಲಿ ತಿನ್ನುವುದನ್ನು ನೋಡಿ ದಾಮೋದರ ಬೆನ್ನು ತಿರುಗಿಸಿ ನಗುತ್ತಿದ್ದ.

ಇನ್ನು ಮೊದಲ ದಿನದ ಕಥೆ. ಅದನ್ನು ಹೇಳದೆ ಬಿಟ್ಟರೆ ಅಬ್ಬು ನನ್ನನ್ನು ಸುಮ್ಮನೆ ಬಿಡುವವನಲ್ಲ. ಅಂದು ತಂಡೇಲರು ದೋಣಿಯನ್ನು ದಕ್ಕೆಯ ಕಟ್ಟೆಗೆ ಒತ್ತಿ ತಂದು, ಹಗ್ಗ ಗಿಡ್ಡ ಮಾಡಿ, ಅಲುಗಾಡದ ಹಾಗೆ ಬಿಗಿದು ಕಟ್ಟಿದರು. ನೋಡಲು ಬಲು ಅಚ್ಚುಕಟ್ಟಾಗಿತ್ತು. ಕಾಲುವೆಯಲ್ಲಿ ಹಾಗೆಯೇ ಕಟ್ಟುವುದು. ಅಲ್ಲಿ ಬೆಳಿಗ್ಗೆ ಇದ್ದಲ್ಲೇ ಸಂಜೆಯೂ ನೀರು ಇರುತ್ತದೆ. ಸಮುದ್ರಕ್ಕೆ ಅಂಥ ಶಿಸ್ತಿಲ್ಲ. ಮಧ್ಯಾಹ್ನ ಇಳಿತ ಶುರುವಾಯಿತು. ನೀರು ಇಳಿಯಿತು, ದೋಣಿ ಇಳಿಯಲಿಲ್ಲ. ಒಂದು ಬದಿಯಿಂದ ಹಗ್ಗಕ್ಕೆ ಜೋತುಬಿದ್ದು ವಾಲತೊಡಗಿತು. ಒಳಗಿನಿಂದ ಪಾತ್ರೆಗಳೆಲ್ಲ ಜಾರಿದ ಸದ್ದು, ಅದರ ಹಿಂದೆಯೇ ಅಬ್ಬುವಿನ ಬೊಬ್ಬೆ.

"ಯಾ ಅಲ್ಲಾ! ನನ್ನ ಮೀನ್ ಸಾರು! ಎಂತ ಆಗ್ತಾ ಉಂಟು ಇಲ್ಲಿ?"

ದಾಮೋದರ ಓಡಿಬಂದು ಹಗ್ಗ ಸಡಿಲಿಸಿದ. ನಮ್ಮ ಕರಾವಳಿಯ ಮಕ್ಕಳಿಗೂ ಗೊತ್ತಿರುವ ಸಂಗತಿ. "ತಂಡೇಲ್ರೇ, ಇಲ್ಲಿ ನೀರು ಹೋಗ್ತದೆ, ಬರ್ತದೆ!" ಎಂದು ಎರಡೂ ಕೈಗಳನ್ನು ಇಳಿಸಿ ಏರಿಸಿ ತೋರಿಸಿದ. ತಂಡೇಲರು ಕೆಂಪು ಕಿವಿ ಇನ್ನಷ್ಟು ಕೆಂಪಗೆ ಮಾಡಿಕೊಂಡು ನಿಂತಿದ್ದರು. "ಭರತ ಇಳಿತ ನನಗೆ ಗೊತ್ತಿತ್ತು" ಎಂದು ಆಮೇಲೆ ನನ್ನ ಹತ್ತಿರ ಹೇಳಿದರು, "ಕೈಗೆ ಗೊತ್ತಿರಲಿಲ್ಲ." ಆ ಸಂಜೆ ಹೋಟೆಲಿನಿಂದ ಎಲ್ಲರಿಗೂ ಊಟ ತರಿಸಿಕೊಟ್ಟರು. ಅಲ್ಲಿಂದ ಮುಂದೆ ಇಳಿತ ಶುರುವಾದಾಗಲೆಲ್ಲ ಕಟಕಟೆಗೆ ಒರಗಿ, "ಯಾರು ಗೇಟು ತೆಗೆದದ್ದು?" ಎಂದು ನಮ್ಮನ್ನು ಕೇಳಿ ಕಣ್ಣು ಮಿಟುಕಿಸುವುದು ಅವರ ಚಾಳಿಯಾಯಿತು.

ಗೇಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಕಾಲುವೆಗಳು ಮೆಟ್ಟಿಲಿನ ಹಾಗೆ ಏರುತ್ತ ಇಳಿಯುತ್ತ ಹೋಗುತ್ತವಂತೆ. ಒಂದೊಂದು ಮೆಟ್ಟಿಲಿಗೂ ಹಿಂದೊಂದು ಮುಂದೊಂದು ಗೇಟು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚಿ, ನೀರು ತುಂಬಿಸಿ, ಒಳಗಿನ ನೀರೂ ಮುಂದಿನ ನೀರೂ ಸಮವಾದ ಮೇಲಷ್ಟೇ ಮುಂದಿನ ಗೇಟು ತೆರೆಯುವುದು. ಅಲ್ಲಿಯವರೆಗೆ ಆನೆ ತಂದು ದೂಡಿದರೂ ಅದು ಅಲುಗುವುದಿಲ್ಲ. ಬಾಲ್ಯದಿಂದ ಹೀಗೆ ಕಾದು ಕಾದು ಅವರ ಸ್ವಭಾವವೇ ಹಾಗಾಗಿತ್ತು. ಯಾರಾದರೂ ಜಗಳಕ್ಕೆ ನಿಂತರೆ "ಇರು, ನೀರು ಸಮ ಆಗ್ಲಿ" ಎನ್ನುವರು. ದಾಮೋದರನ ಯಕ್ಷಗಾನದ ಕ್ಯಾಸೆಟ್ಟಿನ ಚೆಂಡೆ ಅಬ್ಬುವಿನ ನಮಾಜಿನ ಹೊತ್ತಿಗೇ ಶುರುವಾಗಿ ಇಬ್ಬರಿಗೂ ಮಾತು ಬಿಟ್ಟುಹೋದಾಗ ತಂಡೇಲರು ಪಂಚಾಯ್ತಿ ಮಾಡಲಿಲ್ಲ. ಒಂದು ಬುಟ್ಟಿ ಸಿಗಡಿ ತಂದು ಇಬ್ಬರ ನಡುವೆ ಇಟ್ಟು, ಸುಲಿಯಿರಿ ಎಂದು ಹೇಳಿ ಹೊರಟುಹೋದರು. ಅರ್ಧ ಬುಟ್ಟಿ ಮುಗಿಯುವಷ್ಟರಲ್ಲಿ ಅಬ್ಬು, "ನಿನಗೆ ಸಿಗಡಿ ಸುಲೀಲಿಕ್ಕೂ ಬರುದಿಲ್ಲ, ಎಂತ ಮೊಗವೀರ ನೀನು?" ಎಂದು ಮಾತು ಶುರು ಮಾಡಿದ್ದ.

ಅವರು ದೋಣಿಯನ್ನು ಎಂದೂ ಜೋರಾಗಿ ಓಡಿಸಲಿಲ್ಲ. ಕಾಲುವೆಯಲ್ಲಿ ವೇಗವಾಗಿ ಹೋದರೆ ಅಲೆ ಎದ್ದು ದಡ ಕುಸಿಯುತ್ತದೆ, ಕಟ್ಟಿಹಾಕಿದ ಬೇರೆ ದೋಣಿಗಳಲ್ಲಿ ಊಟ ಮಾಡುವವರ ತಟ್ಟೆ ಚೆಲ್ಲುತ್ತದೆ. ಖಫ್ಜಿಯಲ್ಲಿ ಕುಸಿಯುವ ದಡವಿರಲಿಲ್ಲ. ಆದರೂ ಮೀನುಗಾರರ ಸಣ್ಣ ದೋಣಿಗಳ ಪಕ್ಕ ಹಾಯುವಾಗ ಎಂಜಿನು ತಗ್ಗಿಸಿ, ಕೈಯೆತ್ತಿ ವಂದಿಸಿಯೇ ಮುಂದೆ ಹೋಗುತ್ತಿದ್ದರು. ಮೊದಮೊದಲು ಆ ಅರಬರು ಈ ಪರದೆಯ ದೋಣಿಯನ್ನೂ ಅದರೊಳಗಿನ ಕೆಂಪು ಕಿವಿಯನ್ನೂ ಬಾಯಿ ತೆರೆದು ನೋಡುತ್ತಿದ್ದರು. ಬರಬರುತ್ತ ಅವರೇ ದೂರದಿಂದ ಸಲಾಂ ಕೂಗತೊಡಗಿದರು. ವಾರಕ್ಕೊಂದು ಹಮೂರ್ ಮೀನು ನಮ್ಮ ಅಡುಗೆಮನೆಗೆ ಪುಕ್ಕಟೆ ಬಂದು ಬೀಳುತ್ತಿತ್ತು.

ಒಂದೇ ಒಂದು ವಿಷಯದಲ್ಲಿ ನಮಗೂ ಅವರಿಗೂ ತಕರಾರು ಬಂತು. ಅವರ ದೋಣಿ ಸಿಹಿ ನೀರಿನದ್ದು. ಉಪ್ಪು ನೀರು ಅದನ್ನು ತಿಂದುಹಾಕುತ್ತದೆಂಬ ಭಯ ಅವರಿಗೆ. ಶುಕ್ರವಾರ ರಜೆಯ ದಿನ, ಟ್ಯಾಂಕರಿನಲ್ಲಿ ಬಂದ ಸಿಹಿ ನೀರನ್ನು ಬಕೆಟುಗಟ್ಟಲೆ ಸುರಿದು ದೋಣಿಯನ್ನು ತಲೆಯಿಂದ ಕಾಲಿನವರೆಗೆ ತೊಳೆಯುತ್ತಿದ್ದರು. ಅಬ್ಬು ಒಂದು ದಿನ ಸಿಟ್ಟಿನಿಂದ ಎದುರು ನಿಂತ.

"ಮನುಷ್ಯರಿಗೆ ಮೀಯ್ಲಿಕ್ಕೆ ನೀರಿಲ್ಲ, ಇವರು ದೋಣಿಗೆ ಮೀಯಿಸ್ತಾರೆ! ಬೆನ್ನೆಲ್ಲ ಬೆವರುಸಾಲೆ ಬಂದಿದೆ ನೋಡಿ ನನಗೆ."

ತಂಡೇಲರು ಬಕೆಟು ಕೆಳಗಿಟ್ಟರು. ಮರುದಿನದಿಂದ ಅವರು ಸಮುದ್ರದಲ್ಲಿ ಸ್ನಾನ ಮಾಡತೊಡಗಿದರು. ತಮ್ಮ ಪಾಲಿನ ಸ್ನಾನದ ನೀರನ್ನು ಒಂದು ಡ್ರಮ್ಮಿನಲ್ಲಿ ಕೂಡಿಟ್ಟು, ಶುಕ್ರವಾರ ಅದರಲ್ಲೇ ದೋಣಿ ತೊಳೆದರು. ಅವರ ಮೈಮೇಲೆ ಬಿಳಿಯ ಉಪ್ಪು ಒಣಗಿ ನಿಲ್ಲುತ್ತಿತ್ತು. ಎರಡು ವಾರ ನೋಡಿದ ಅಬ್ಬು ಮೂರನೆಯ ವಾರ ತಾನೂ ಒಂದು ಬಕೆಟು ನೀರು ತಂದು ಡ್ರಮ್ಮಿಗೆ ಸುರಿದ. "ಅಲ್ಲ, ಹುಚ್ಚು ಹಿಡಿದವರ ಹತ್ರ ಎಂತ ಜಗಳ ಮಾಡುದು?" ಎಂದ. ಅಲ್ಲಿಂದ ಮುಂದೆ ನಾವು ಮೂವರೂ ಆ ಹುಚ್ಚಿನಲ್ಲಿ ಪಾಲುದಾರರಾದೆವು.

ಆ ಹುಚ್ಚಿಗೆ ಕಾರಣವಿತ್ತು. ಅದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ದೋಣಿಯನ್ನು ಕೊಳ್ಳುವಾಗ ಕಂಪೆನಿಯವರು, ಬಂದರಿನ ಕೆಲಸ ಮುಗಿದ ಮೇಲೆ ಅದನ್ನು ಮರಳಿ ಜರ್ಮನಿಗೆ ಸಾಗಿಸಿ ನಿಮಗೇ ಬಿಟ್ಟುಕೊಡುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಆ ಒಂದು ಮಾತಿನ ಮೇಲೆ ಅವರು ಮರಳುಗಾಡಿನಲ್ಲಿ ಬದುಕಿದ್ದರು. ಲ್ಯೂಬೆಕ್ ಎಂಬ ಊರಿನ ಕಡೆ ಕಾಲುವೆಗಳೂ ಸರೋವರಗಳೂ ಒಂದಕ್ಕೊಂದು ಸೇರಿಕೊಂಡಿವೆಯಂತೆ. ಇಪ್ಪತ್ತು ವರ್ಷ ಅಲ್ಲಿ ಗಂಡ ಚುಕ್ಕಾಣಿ ಹಿಡಿದು, ಹೆಂಡತಿ ಅಡುಗೆ ಮಾಡಿ, ಬೇಸಿಗೆಯ ಪ್ರವಾಸಿಗರನ್ನು ಸುತ್ತಾಡಿಸಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ನಡುವೆ ಒಲೆಯ ಪಕ್ಕ ಇಬ್ಬರೇ ಕೂತು ಕಳೆದವರು. ವ್ಯಾಪಾರ ಬಿದ್ದುಹೋಗಿ ದೋಣಿ ಮಾರಿದ ಮೇಲೆ ಹೆಂಡತಿ ಅದೇ ಊರಿನಲ್ಲೊಂದು ಬಾಡಿಗೆ ಮನೆ ಹಿಡಿದಿದ್ದರು. "ಅವಳು ಕಾಯ್ತಾ ಉಂಟು" ಎಂದು ತಂಡೇಲರು ಹೇಳುತ್ತಿದ್ದರು. ಪರದೆಗಳು ಆಕೆ ಹೊಲಿದವು, ಮಸಾಲೆಯ ಡಬ್ಬಿಗಳ ಕಪಾಟು ಆಕೆಯದ್ದು. ಅಬ್ಬು ಆ ಕಪಾಟನ್ನು ಅರ್ಧ ಅಡಿ ಸರಿಸಲು ಕೇಳಿದಾಗ, ಅವಳು ಬಂದಾಗ ಕೈಗೆ ಸಿಗಬೇಕು ಎಂದು ಒಪ್ಪಲಿಲ್ಲ.

ತಿಂಗಳಿಗೊಮ್ಮೆ ನಾನು ಅವರನ್ನು ಪಿಕಪ್ಪಿನಲ್ಲಿ ಊರಿನ ಟೆಲಿಫೋನ್ ಕ್ಯಾಬಿನ್ನಿಗೆ ಕರೆದೊಯ್ಯುತ್ತಿದ್ದೆ. ಗಾಜಿನ ಒಳಗೆ ನಿಂತು ಕೈ ಬೀಸಿ ಬೀಸಿ ಮಾತಾಡುವರು. ಹೊರಗೆ ಬಂದಾಗ ಎಂತ ಹೇಳಿದ್ರು ಅಮ್ಮ ಎಂದು ನಾನು ಕೇಳುತ್ತಿದ್ದೆ.

"ನಾನು ಹೇಳಿದೆ, ಪರದೆ ಒಳ್ಳೇದುಂಟು, ಎಂಜಿನ್ ಒಳ್ಳೇದುಂಟು."

"ಅವರು?"

"ಅವಳು ಹೇಳಿದ್ದು, ಹೌದಾ."

ಮುಂದಿನ ತಿಂಗಳೂ ಇದೇ ವರದಿ. ಒಳ್ಳೆಯ ಸಮಾಧಾನದ ಹೆಂಗಸು ಎಂದು ನಾನು ಅಂದುಕೊಂಡಿದ್ದೆ.

ಮೂರನೆಯ ವರ್ಷ ಕೆಲಸ ಮುಗಿಯುತ್ತ ಬಂದಾಗ ಕಂಪೆನಿಯ ರಾಗ ಬದಲಾಯಿತು. ದೋಣಿಯನ್ನು ಸಾಗಿಸುವ ಖರ್ಚಿನಲ್ಲಿ ಹೊಸದೇ ಬರುತ್ತದೆ, ಕಲ್ಲು ತುಂಬಿಸಿ ಅಲೆತಡೆಯ ಬುಡದಲ್ಲಿ ಮುಳುಗಿಸಿಬಿಡುವುದು ಲೇಸು ಎಂದು ಆಫೀಸಿನಲ್ಲಿ ಮಾತು ಎದ್ದಿತು. ಸುದ್ದಿ ಕೇಳಿದ ದಿನ ತಂಡೇಲರು ನಾಲ್ಕರ ಕಾಫಿಗೆ ಕೂತರು, ಕುಡಿಯಲಿಲ್ಲ. ನನಗೆ ನೋಡಲಾಗಲಿಲ್ಲ. ಆ ಮನುಷ್ಯನ ಹತ್ತಿರ ಬೇರೇನಿತ್ತು?

ಏನಾದರೂ ಮಾಡಬೇಕಲ್ಲ! ನಮಗೆ ಗೊತ್ತಿದ್ದ ದಾರಿ ಒಂದೇ. ಸೈಟ್ ಮ್ಯಾನೇಜರರನ್ನು ದೋಣಿಗೆ ಊಟಕ್ಕೆ ಕರೆದೆವು. ಅಬ್ಬು ಹಿಂದಿನ ದಿನದಿಂದಲೇ ಅಕ್ಕಿ ನೆನೆಹಾಕಿ, ಒಣಮೆಣಸು ಹುರಿದು ಯುದ್ಧಕ್ಕೆ ಹೊರಟವನ ಹಾಗಿದ್ದ. ನೀರುದೋಸೆ, ಕೋಳಿಸಾರು, ಹಮೂರ್ ಹುರಿದದ್ದು, ಕಡ್ಲೆಬೇಳೆ ಪಾಯಸ. ಮ್ಯಾನೇಜರು ಬಾಗಿಲಲ್ಲಿ ಬೂಟು ಕಳಚಿದಾಗ ಸಾಕ್ಸಿನ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತು, ಅಲ್ಲಿಂದಲೇ ಅವರ ಗತ್ತು ಅರ್ಧ ಇಳಿಯಿತು. ಕೋಳಿಸಾರಿನ ಖಾರಕ್ಕೆ ಕಣ್ಣು ಮೂಗು ಎಲ್ಲ ಸುರಿಸುತ್ತ ಮೂರು ಸಲ ಬಡಿಸಿಕೊಂಡರು. ಏಳುವಾಗ ತಂಡೇಲರ ಭುಜ ತಟ್ಟಿ, ಮುಖ್ಯ ಕಚೇರಿಗೆ ಬರೆಯುತ್ತೇನೆ, ಬಿಡುವುದಿಲ್ಲ ಎಂದರು. ಅಬ್ಬು ನನ್ನ ಕಿವಿಯಲ್ಲಿ, "ಕೋಳಿ ಕೆಲಸ ಮಾಡಿತು" ಎಂದು ಪಿಸುಗುಟ್ಟಿದ.

ಉತ್ತರಕ್ಕೆ ಕಾಯುತ್ತಿರುವಾಗಲೇ ಅವರ ಹೆಂಡತಿ ಬಂದರು. ಕೊನೆಯ ಒಂದು ತಿಂಗಳು ಗಂಡನ ಜೊತೆಗಿದ್ದು, ಸಾಮಾನು ಕಟ್ಟಿಸಿ ಕರೆದೊಯ್ಯಲು ಕಂಪೆನಿಯೇ ವೀಸಾ ಮಾಡಿಸಿತ್ತು. ಆಕೆಯನ್ನು ಕರೆತರಲು ದಹ್ರಾನಿನ ವಿಮಾನ ನಿಲ್ದಾಣಕ್ಕೆ ತಂಡೇಲರ ಜೊತೆ ನಾನೂ ಹೋಗಿದ್ದೆ. ಜನರ ಗುಂಪಿನ ಮೇಲೆ ಮೊದಲು ಒಂದು ತಲೆ ಕಂಡಿತು. ನಾನು ಅಷ್ಟು ಎತ್ತರದ ಹೆಂಗಸನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ತೊಡಲು ಕೊಟ್ಟ ಅಬಾಯ ಎಂಬ ಕಪ್ಪು ನಿಲುವಂಗಿ ಮೊಣಕಾಲಿನಿಂದ ಚೂರು ಕೆಳಗೆ ಬಂದು ನಿಂತಿತ್ತು. ತಂಡೇಲರು ಆಕೆಯ ಭುಜದವರೆಗೆ ಬರುತ್ತಿದ್ದರು. ಇಬ್ಬರೂ ಕೈ ಹಿಡಿದುಕೊಂಡು, ಮಕ್ಕಳ ಹಾಗೆ ನಗುತ್ತ ನಿಂತರು.

ದೋಣಿಯನ್ನು ನಾವು ಮದುಮಗಳಂತೆ ಸಿಂಗರಿಸಿದ್ದೆವು. ಆಕೆ ಹತ್ತಿ ಬಂದವರು ಗಂಟೆ ಮುಟ್ಟಿದರು, ಪರದೆ ಮುಟ್ಟಿದರು, ಪುದೀನ ಮೂಸಿ ನಕ್ಕರು. ಆಮೇಲೆ ಅಡುಗೆಮನೆಗೆ ಹೋದರು. ಒಲೆಯ ಮುಂದೆ ಹೋಗುತ್ತಲೇ ಅವರ ಮೈ ತಾನಾಗಿಯೇ ಮಡಿಸಿಕೊಂಡಿತು. ಮೊಣಕಾಲು ಬಗ್ಗಿತು, ಬೆನ್ನು ಬಾಗಿತು, ಕುತ್ತಿಗೆ ಎಡಕ್ಕೆ ವಾಲಿ ನಿಂತಿತು. ನೋಡದೆಯೇ ಕೈ ಚಾಚಿ ಕಪಾಟಿನಿಂದ ಉಪ್ಪಿನ ಡಬ್ಬಿ ತೆಗೆದರು. ಪಕ್ಕದಲ್ಲಿ ಅಬ್ಬು ನೆಟ್ಟಗೆ ನಿಂತು ಮೀನು ಹುರಿಯುತ್ತಿದ್ದ. ಅವನಿಗೆ ಗಾಬರಿಯಾಯಿತು.

"ಅಮ್ಮನ ಕುತ್ತಿಗೆಗೆ ಎಂತ ಆಯ್ತು? ಉಳುಕಿದ್ದಾ? ತಿ‍ಕ್ಕಲಿಕ್ಕೆ ಎಣ್ಣೆ ಉಂಟು, ಕೊಡ್ಲಾ ಕೇಳಿ ಮಾರಾಯ್ರೆ."

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಜೋರಾಗಿ ನಕ್ಕು, ತಲೆಯ ಮೇಲಿನ ಹಲಗೆಯನ್ನು ಅಂಗೈಯಿಂದ ತಟ್ಟಿದರು. "ಉಳುಕಿಲ್ಲ. ಈ ದೋಣಿಯಲ್ಲಿ ನಾನು ಇಷ್ಟೇ ಎತ್ತರ. ಇಪ್ಪತ್ತು ವರ್ಷದಿಂದ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ, ಮಳೆ ಬರುತ್ತಿದೆ ಎನ್ನುವ ಹಾಗೆ ಹೇಳಿದರು.

ತಂಡೇಲರು ಬಾಗಿಲಲ್ಲಿ ನಿಂತಿದ್ದರು. ಅವರ ಮುಖದ ನಗು ಮೆಲ್ಲಗೆ ಹೋಯಿತು. ಜರ್ಮನ್ ಭಾಷೆಯಲ್ಲಿ ಏನೋ ಕೇಳಿದರು. ಆಕೆ ಮೀನಿನ ತುಂಡನ್ನು ಮಗುಚುತ್ತ ಚಿಕ್ಕದಾಗಿ ಉತ್ತರ ಕೊಟ್ಟರು. ಏನದು ಎಂದು ಆಮೇಲೆ ನಾನು ತಂಡೇಲರನ್ನು ಕೇಳಿದೆ.

"ನಾನು ಕೇಳಿದ್ದು, ಯಾಕೆ ಹೇಳ್ಲಿಲ್ಲ? ಅವಳು ಹೇಳಿದ್ದು, ಹೇಳಿದ್ರೆ ಸೇತುವೆ ಎತ್ತರ ಆಗ್ತದಾ?"

ಆ ತಿಂಗಳು ಗಂಡಹೆಂಡಿರಿಗೆ ಕ್ಯಾಂಪಿನಲ್ಲಿ ಒಂದು ಮನೆ ಕೊಟ್ಟಿದ್ದರು. ಎ.ಸಿ. ಗೊರಗೊರ ಎನ್ನುವ ಸಾದಾ ಮನೆ. ಆಕೆಗೆ ಅದು ಅರಮನೆಯಾಯಿತು. ಬೆಳಿಗ್ಗೆ ಅಂಗಳದ ಬಾಗಿಲಲ್ಲಿ ಎರಡೂ ಕೈಗಳನ್ನು ಮೇಲೆತ್ತಿ ಮೈ ಮುರಿದು, ಸೂರು ಮುಟ್ಟುತ್ತದೆಯೇ ಎಂದು ನೋಡಿ, ಮುಟ್ಟದೆ ಹೋದಾಗ ಖುಷಿಪಡುತ್ತಿದ್ದರು. ತಂಡೇಲರಿಗೆ ಮಾತ್ರ ಅಲುಗದ ನೆಲದ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಕೆಂಪಗೆ ಮಾಡಿಕೊಂಡು ಬೆಳಿಗ್ಗೆ ದೋಣಿಗೆ ಬಂದು, ನನ್ನ ಮಂಚದಲ್ಲಿ ಒಂದು ಗಳಿಗೆ ಬಿದ್ದುಕೊಳ್ಳುವರು. ಬಿದ್ದಕೂಡಲೇ ಗೊರಕೆ.

ಅಷ್ಟರಲ್ಲಿ ಟೆಲೆಕ್ಸ್ ಬಂತು. ಮುಖ್ಯ ಕಚೇರಿ ಒಪ್ಪಿತ್ತು. ಕೊಟ್ಟ ಮಾತಿನಂತೆ ದೋಣಿ ಮುಂದಿನ ಹಡಗಿನಲ್ಲಿ ಜರ್ಮನಿಗೆ ಹೋಗುವುದು, ತಂಡೇಲರದೇ ಆಗುವುದು. ನಾನೇ ಓಡಿಹೋಗಿ ಸುದ್ದಿ ಮುಟ್ಟಿಸಿದೆ. ದಾಮೋದರ ಗಂಟೆ ಹಿಡಿದು ಬಾರಿಸಿಯೇ ಬಾರಿಸಿದ. ತಂಡೇಲರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು, ಕಣ್ಣಲ್ಲಿ ನೀರಿತ್ತು. ಮಧ್ಯಾಹ್ನವೆಲ್ಲ ದೋಣಿಯ ಅಡುಗೆಮನೆಯಲ್ಲಿ ಕೂತಿದ್ದರು. ಮಾರನೆಯ ದಿನ ಮ್ಯಾನೇಜರ ಬಳಿಗೆ ಹೋಗಿ, ತಮಗೆ ದೋಣಿ ಬೇಡ ಎಂದುಬಿಟ್ಟರು.

ಮ್ಯಾನೇಜರು ನನ್ನನ್ನು ಕರೆದು ಕೂಗಾಡಿದರು. ಮೂರು ತಿಂಗಳು ಅವರಿವರ ಕಾಲು ಹಿಡಿದದ್ದು ನೀರಿನಲ್ಲಿ ಹೋಮವಾಯಿತು, ಇವರಿಗೆ ಬಿಸಿಲು ತಲೆಗೇರಿದೆಯೇ ಕೇಳು ಎಂದರು. ಅಬ್ಬುವಿಗೆ ಅದಕ್ಕಿಂತ ಸಿಟ್ಟು.

"ಅಷ್ಟು ಕೋಳಿ ಸುಮ್ಮನೆ ತಿನ್ನಿಸಿದ್ದಾ ನಾನು? ಎಂತ ತಂಡೇಲ್ರೇ ಇದು? ಅಮ್ಮ ಬೇಡ ಹೇಳಿದ್ರಾ?"

"ಇಲ್ಲ, ಇಲ್ಲ. ಅವಳಿಗೆ ಖುಷಿ. ದೋಣಿ ಹೋದ್ರೆ ಅವಳು ಹತ್ತುತ್ತಾಳೆ. ಬೇಡ ಹೇಳುದಿಲ್ಲ" ಎಂದರು ತಂಡೇಲರು. ಆಮೇಲೆ, "ಅದಕ್ಕೇ ಬೇಡ" ಎಂದರು.

ಅಬ್ಬುವಿನ ಸಿಟ್ಟು ಅಲ್ಲಿಗೇ ಇಳಿಯಿತು. ತಲೆಯ ಮೇಲಿನ ಹಲಗೆಯನ್ನು ಒಮ್ಮೆ ನೋಡಿ, ಒಲೆಯ ಕಡೆ ತಿರುಗಿ ಪಾತ್ರೆ ತೊಳೆಯತೊಡಗಿದ. ಸ್ನಾನದ ನೀರು ಬಿಟ್ಟು ತೊಳೆದ ದೋಣಿ ಅದು.

ದಕ್ಷಿಣದ ಕಡೆ ಕೆಲಸ ಹಿಡಿದಿದ್ದ ಒಬ್ಬ ಸೌದಿ ಗುತ್ತಿಗೆದಾರ ತನ್ನ ಕೆಲಸದವರಿಗೆಂದು ದೋಣಿಯನ್ನು ಕೊಂಡ. ತಂಡೇಲರು ಅವನ ಜನರಿಗೆ ಎಂಜಿನು, ಪಂಪು, ದೀಪ ಎಲ್ಲ ತಾಳ್ಮೆಯಿಂದ ತೋರಿಸಿಕೊಟ್ಟರು. ದೋಣಿಯಿಂದ ಒಂದು ಚಮಚವನ್ನೂ ತೆಗೆದುಕೊಳ್ಳಲಿಲ್ಲ. ಅದನ್ನು ಎಳೆದೊಯ್ಯುವ ದಿನ ದಕ್ಕೆಯ ಮೇಲೆ ಬೆನ್ನು ಹಾಕಿ ನಿಂತಿದ್ದರು. ಹೆಂಡತಿ ಅವರ ಪಕ್ಕದಲ್ಲಿ ನಿಂತು, ಮರೆಯಾಗುವವರೆಗೂ ದೋಣಿಯನ್ನು ನೋಡಿ, ಹೋಯಿತು ಎಂದು ಅವರಿಗೆ ಹೇಳಿದರು.

ಅವರಿಬ್ಬರ ಟಿಕೇಟು ಮಾಡಿಸಿದ್ದು ನಾನೇ. ಹೊರಡುವ ವಾರ ತಂಡೇಲರು ಸ್ಟೋರಿಗೆ ಬಂದಾಗ ಟಿಕೇಟಿನ ಲಕೋಟೆ ಕೈಗೆ ಕೊಟ್ಟೆ. ತೆರೆದು ನೋಡಿದರು, ಮತ್ತೆ ನನ್ನ ಮೇಜಿನ ಮೇಲೆ ಇಟ್ಟರು. ತಾರೀಕು ತಪ್ಪಾಯಿತೇ ಎಂದು ಕೇಳಿದೆ. ಅಲ್ಲವೆಂದು ತಲೆಯಾಡಿಸಿ, ಕುರ್ಚಿ ಹತ್ತಿರಕ್ಕೆ ಎಳೆದು ಕೂತರು.

"ವಿಮಾನದಲ್ಲಿ ಮುಂದೆ, ಗೋಡೆ ಹತ್ರ, ಒಂದು ಸೀಟ್ ಉಂಟಂತೆ. ಕಾಲಿಗೆ ಜಾಗ ಜಾಸ್ತಿ. ಸಿಗ್ತದಾ, ಕೇಳು."

"ನಿಮಗಾ ತಂಡೇಲ್ರೇ?"

"ನನಗೆ ಎಲ್ಲಿ ಆದ್ರೂ ಸಾಕು" ಎಂದರು. ಆಮೇಲೆ ನನ್ನ ಕಡೆ ಬಾಗಿ, ನನಗೆ ಗೊತ್ತೇ ಇರದ ಸುದ್ದಿಯೊಂದನ್ನು ತಿಳಿಸುವವರ ಹಾಗೆ ಸಣ್ಣ ದನಿಯಲ್ಲಿ ಹೇಳಿದರು: "ಅವಳ ಕಾಲು ಉದ್ದ ಉಂಟು."